ಮೈ ಒದರದ ಹುಂಜ

ಹೆಸರಿಟ್ಟ ಕೋಳಿಯ ಸಾರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಲಕ್ಷ್ಮಿದೇವಮ್ಮನಿಗೆ ಅವಳ ಅತ್ತೆ ಹೇಳಿಕೊಟ್ಟದ್ದು ಮದುವೆಯಾಗಿ ಬಂದ ಮೊದಲ ವಾರದಲ್ಲೇ. ಆ ಮಾತನ್ನು ಅವಳು ನಲವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದ್ದಳು. ಇಟ್ಟಮಡುವಿನ ಆ ಮನೆಯ ಹಿತ್ತಲಲ್ಲಿ ನೂರಾರು ಕೋಳಿಗಳು ಹುಟ್ಟಿ, ಕೆದಕಿ, ಕೊಬ್ಬಿ, ಸಾರಾಗಿ ಹೋಗಿದ್ದವು. ಕರಿದು, ಚುಕ್ಕೆಯದು, ಬೋಳುಕತ್ತಿನದು ಎಂದು ಗುರುತಿಗೆ ಕರೆದದ್ದುಂಟೇ ಹೊರತು ಒಂದಕ್ಕೂ ಅವಳು ಹೆಸರಿಟ್ಟವಳಲ್ಲ.

ಆ ತಪ್ಪು ಮಾಡಿದ್ದು ಮೇಲಿನ ಮನೆಯ ಉಮಾಮಹೇಶ್ವರಿ. ತಿಪಟೂರಿನ ಕಡೆಯವಳು, ಕೊರಳಲ್ಲಿ ಲಿಂಗ ಕಟ್ಟಿದವಳು, ಮೊಟ್ಟೆಯನ್ನು ಕೈಯಿಂದ ಮುಟ್ಟುವುದಕ್ಕೂ ಹಿಂದೆಮುಂದೆ ನೋಡುವವಳು. ಬಾಡಿಗೆಗೆ ಬಂದ ಆರು ತಿಂಗಳಲ್ಲಿ ಗಂಡ ಜಯದೇವಪ್ಪ ಬ್ಯಾಂಕಿಗೆ ಹೋದಮೇಲೆ ಕೆಳಗಿಳಿದು ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂರುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅವಳ ಗುಲಾಬಿ ಕುಂಡಗಳ ಸಾಲಿನ ನಡುವೆ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ ಕೆಂಪು ಎಳೆಹುಂಜವನ್ನು ನೋಡಿ ಒಂದು ದಿನ ಅಂದಳು: "ಆಂಟಿ, ಇವನು ದಳವಾಯಿ. ದಂಡು ಸರಿಯಾಗಿ ನಿಂತೈತೋ ಇಲ್ವೋ ನೋಡ್ಕಂಡು ಹೋಗ್ತಾನೆ."

"ಬಾಯಿ ಮುಚ್ಚೇ ಉಮಾ, ಹೆಸರು ಇಡಬ್ಯಾಡ!" ಎಂದು ಲಕ್ಷ್ಮಿದೇವಮ್ಮ ಗದರಿದಳು. ಆದರೆ ಆಡಿದ ಮಾತು ಆಗಲೇ ಹುಂಜದ ಮೈಗೆ ಅಂಟಿಯಾಗಿತ್ತು. ಮಾರನೆಯ ದಿನ ಕಾಳು ಎರಚುವಾಗ ಅವಳ ಬಾಯಲ್ಲೇ "ಬಾರೋ ದಳವಾಯಿ" ಎಂದು ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಳ್ಳಲು ಕಾರಣವಿತ್ತು, ಆ ಹುಂಜ ಆಗಲೇ ಮಾರಮ್ಮನಿಗೆ ಹರಕೆಯಾಗಿತ್ತು.

ಹರಕೆ ಹೊತ್ತದ್ದು ಬೆಳ್ಳಿಗಾಗಿ. ಬೆಳ್ಳಿ ಎಂದರೆ ನಾಯಿ, ಹೆಸರಿಗೆ ತಕ್ಕ ಬಿಳಿ ಬಣ್ಣವೆಲ್ಲ ಈಗ ಮಾಸಿಹೋದ ಹದಿಮೂರು ವರ್ಷದ ಮುದುಕಿ. ಒಂದು ಕಾಲಕ್ಕೆ ಲಕ್ಷ್ಮಿದೇವಮ್ಮನ ಮನೆಗೆ ನಾಲ್ಕು ಹಸು, ಮೂರೆಕರೆ ರಾಗಿ ಹೊಲ. ಹೊಲ ಲೇಔಟ್ ಆಯಿತು, ಕೈಗೆ ಉಳಿದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿತು, ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಜಯದೇವಪ್ಪನ ಕಾರು ನಿಲ್ಲುತ್ತದೆ. ಕೊನೆಯ ಹಸುವನ್ನು ಮಾರಿದ ವಾರ ಆ ಬರಿದಾದ ಗೋದಲಿಯ ಹುಲ್ಲಿನಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಉಳಿದದ್ದು ಒಂದು. ಹಸು ಹೋದ ದುಃಖದಲ್ಲಿ ಎರಡು ದಿನದಿಂದ ಒಲೆ ಹಚ್ಚದೆ ಕೂತಿದ್ದ ಹೆಂಗಸು ಆ ಮರಿಗೆ ಹಾಲು ಕಾಯಿಸಲು ಎದ್ದಳು. ಅಂದಿನಿಂದ ಬೆಳ್ಳಿ ಅವಳ ಸೆರಗು ಬಿಟ್ಟಿದ್ದಿಲ್ಲ.

ಹಾಲಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಹಸು ಇದ್ದಷ್ಟು ವರ್ಷ ಲಕ್ಷ್ಮಿದೇವಮ್ಮ ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. ಸುತ್ತಮುತ್ತಲ ಹಾಲಿನವರೆಲ್ಲ ನಕ್ಕರು, ಗಂಡ ತಿಮ್ಮರಾಯಪ್ಪನೇ ಸ್ವಲ್ಪ ನೀರು ಹಾಕು, ಇದು ಲೋಕದಲ್ಲಿ ಇಲ್ಲದ ಹಟ ಎಂದು ಗೊಣಗಿದ. ಕೆಲವರಿಗೆ ಪ್ರಾಮಾಣಿಕತೆ ಗುಣವಾಗಿ ಬರುತ್ತದೆ, ಇವಳಿಗೆ ಅದು ಕೋಪವಾಗಿ ಬಂದಿತ್ತು. ತೂಕದಲ್ಲಿ ಕದಿಯುವ ತರಕಾರಿಯವನನ್ನು ಬೀದಿಯ ಕೊನೆಯವರೆಗೂ ಬೈದುಕೊಂಡು ಹೋದ ಖ್ಯಾತಿ ಅವಳದು.

ಸಂಕ್ರಾಂತಿ ಕಳೆದಮೇಲೆ ಬೆಳ್ಳಿ ಊಟ ಬಿಟ್ಟಿತು. ಡಾಕ್ಟರು ಡ್ರಿಪ್ ಹಾಕಿ, "ವಯಸ್ಸಾಗಿದೆ ಅಮ್ಮ, ನೋಡೋಣ" ಎಂದರು. ನೋಡೋಣ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಂದೇ ಸಂಜೆ ದೀಪ ಹಚ್ಚಿ, "ಅಮ್ಮಾ ಮಾರಮ್ಮ, ಇದನ್ನ ಉಳಿಸ್ಕೊಡು, ಹಿತ್ತಲಲ್ಲಿರೋ ಕೆಂಪು ಹುಂಜ ನಿಂದು" ಎಂದು ಕೈಮುಗಿದು, ಹುಂಜದ ಕಾಲಿಗೆ ಅರಿಶಿನದ ದಾರ ಕಟ್ಟಿದಳು. ಆಗ ಅದಕ್ಕೆ ಹೆಸರಿರಲಿಲ್ಲ. ಮೂರನೆಯ ದಿನ ಬೆಳ್ಳಿ ಗಂಜಿ ನೆಕ್ಕಿತು. ವಾರದೊಳಗೆ ಎದ್ದು ಓಡಾಡಿತು.

ಹಳೆಯ ವರ್ಷದ ಹರಕೆ ಯುಗಾದಿ ದಾಟಬಾರದು ಎಂಬುದು ಅವರ ಮನೆಯ ಕಟ್ಟುಪಾಡು. ಫಾಲ್ಗುಣ ಬಂತು. ಬೇಲಿಯ ಹೊಂಗೆ ಹಳೆಯ ಎಲೆ ಕೊಡವಿಕೊಂಡು ಹೊಸ ಚಿಗುರು ಹೊತ್ತಿತು, ಮಲ್ಲಿಗೆ ಮೊಗ್ಗು ಕಚ್ಚಿತು, ದಂಟಿನ ಸೊಪ್ಪು ಮೊಣಕಾಲೆತ್ತರ ಬಂತು. ಹತ್ತಡಿ ಅಗಲದ ಆ ಹಿತ್ತಲೊಂದರಲ್ಲಿ ಮಾತ್ರ ಲಕ್ಷ್ಮಿದೇವಮ್ಮ ಸಿಮೆಂಟು ಹಾಕಲು ಬಿಟ್ಟಿರಲಿಲ್ಲ. ಪ್ರತಿದಿನ ಮಧ್ಯಾಹ್ನ ಮೋಟಾರ್ ಹಾಕಿ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಳು. ಆ ವರ್ಷದ ಬಿಸಿಲಿಗೆ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಪಾಪವೆನಿಸಿ ಪೈಪನ್ನು ಅವುಗಳ ಕಡೆಗೂ ತಿರುಗಿಸಿದಳು. ಉಳಿದವೆಲ್ಲ ಕಿರುಚಿಕೊಂಡು ನುಗ್ಗೆಮರದ ಬುಡಕ್ಕೆ ಓಡಿದರೆ ದಳವಾಯಿ ಮಾತ್ರ ನೀರಿಗೇ ಎದುರಾಗಿ ಬಂದ. ರೆಕ್ಕೆ ಬಿಚ್ಚಿ, ಕತ್ತು ಚಾಚಿ, ಕಣ್ಣು ಮುಚ್ಚಿ, ಎಣ್ಣೆಸ್ನಾನಕ್ಕೆ ಕೂತ ಮದುಮಗನಂತೆ ನಿಂತ. ಉಮಾಮಹೇಶ್ವರಿ ಮೆಟ್ಟಿಲ ಮೇಲೆ ಕೂತು ನಕ್ಕು ನಕ್ಕು ಸುಸ್ತಾದಳು. ಅಲ್ಲಿಂದ ಮುಂದೆ ಅದು ನಿತ್ಯದ ಸೇವೆಯೇ ಆಯಿತು. ಮೋಟಾರಿನ ಸದ್ದು ಕೇಳಿದರೆ ಸಾಕು, ಹುಂಜ ಪೈಪಿನ ಬಾಯಿಗೆ ಬಂದು ನಿಲ್ಲುತ್ತಿತ್ತು.

ಯುಗಾದಿಗೆ ಎಂಟು ದಿನ ಉಳಿದಾಗ ಲಕ್ಷ್ಮಿದೇವಮ್ಮನಿಗೆ ಅನ್ನ ಸೇರದಾಯಿತು. ತಿಮ್ಮರಾಯಪ್ಪ ಹೆಂಡತಿಯ ಮುಖ ನೋಡಿ ದಾರಿ ಹೇಳಿಕೊಟ್ಟ. "ಅಂಗಡೀಲಿ ಇಂಥದ್ದೇ ಕೆಂಪು ಹುಂಜ ಸಿಗ್ತದೆ. ಅದಕ್ಕೊಂದು ದಾರ ಕಟ್ಟು. ಮುಗೀತು."

"ಹಾಲಿಗೆ ನೀರು ಹಾಕು ಅಂದೋರು ತಾನೇ ನೀವು. ನಾನು ಹೇಳಿದ್ದು ಈ ಹುಂಜ. ಅಮ್ಮನಿಗೇನು ಕಣ್ಣಿಲ್ವಾ?"

ಮಂಗಳವಾರ ಬೆಳಿಗ್ಗೆ ಹುಂಜವನ್ನು ಬುಟ್ಟಿಯಲ್ಲಿಟ್ಟುಕೊಂಡು ಅವಳು ಹೊರಟಳು. ಉಮಾಮಹೇಶ್ವರಿ ಕೆಳಗಿಳಿಯಲಿಲ್ಲ, ಮೇಲಿನ ಕಿಟಕಿ ಮುಚ್ಚಿತ್ತು. ಬೆಳ್ಳಿ ಮಾತ್ರ, ತನಗಾಗಿಯೇ ನಡೆಯುತ್ತಿರುವ ಕೆಲಸವೆಂದು ಅರಿಯದೆ, ಬಾಲ ಅಲ್ಲಾಡಿಸಿಕೊಂಡು ಹಿಂದೆ ಬಂತು.

ಮಾರಮ್ಮನದು ಅರಳಿಮರದ ಬುಡದ ಚಿಕ್ಕ ಗುಡಿ. ಪೂಜೆ ಮಾಡುವ ಕರೆಪ್ಪ ತಿಮ್ಮರಾಯಪ್ಪನ ದಾಯಾದಿ, ವರಸೆಯಲ್ಲಿ ಅವಳಿಗೆ ಮೈದುನ. ಗುಡಿಯ ಮುಂದೆ ಈಗ ಕೊಯ್ಯುವುದಿಲ್ಲ. ಅಲ್ಲಿ ಅಮ್ಮನ ಒಪ್ಪಿಗೆ ಪಡೆದು, ಕೊಯ್ಯುವ ಕೆಲಸ ಮನೆಗೆ ಬಂದಮೇಲೆ. ಒಪ್ಪಿಗೆ ಕೇಳುವ ಬಗೆ ಮಾತ್ರ ಹಳೆಯದೇ. ಬೇವಿನೆಲೆ ಹಾಕಿದ ಅರಿಶಿನದ ನೀರನ್ನು ಹುಂಜದ ಮೇಲೆ ಚಿಮುಕಿಸುತ್ತಾರೆ. ಅದು ಜಾಡಿಸಿ ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒದರದಿದ್ದರೆ ಒಪ್ಪಲಿಲ್ಲ, ಅದನ್ನು ಯಾರೂ ಮುಟ್ಟುವಂತಿಲ್ಲ. ಮೈ ಒದರದ ಹುಂಜವನ್ನು ತಮ್ಮ ಜನ್ಮದಲ್ಲಿ ಯಾರೂ ಕಂಡಿಲ್ಲ, ಏಕೆಂದರೆ ನೀರು ಬಿದ್ದರೆ ಒದರುವುದೇ ಕೋಳಿಯ ಗುಣ.

ಕರೆಪ್ಪ ನೀರು ಚಿಮುಕಿಸಿದ. ದಳವಾಯಿ ಕಣ್ಣು ಮುಚ್ಚಿದ.

ಇನ್ನೊಂದು ಸಲ ಚಿಮುಕಿಸಿದ. ದಳವಾಯಿ ಕತ್ತು ಚಾಚಿದ. ಮೂರನೆಯ ಸಲ ಚೆಂಬಿನಿಂದ ಧಾರಾಳವಾಗಿಯೇ ಸುರಿದ. ಹುಂಜ ರೆಕ್ಕೆ ಬಿಚ್ಚಿ ಇನ್ನಷ್ಟು ಹಾಕು ಎನ್ನುವಂತೆ ನಿಂತಿತು. ಪೂಜೆಗೆಂದು ಸಾಲಿನಲ್ಲಿದ್ದ ನಾಲ್ಕೈದು ಹೆಂಗಸರು ಮುಖ ಮುಖ ನೋಡಿಕೊಂಡರು. "ಇದೇನ್ ಅತ್ತಿಗೆ! ಅಮ್ಮ ಬ್ಯಾಡ ಅಂತಾವ್ಳೆ," ಎಂದ ಕರೆಪ್ಪ.

ಯಾಕೆಂದು ಲಕ್ಷ್ಮಿದೇವಮ್ಮನಿಗೆ ತಕ್ಷಣ ಹೊಳೆಯಿತು. ಇದು ಅಮ್ಮನ ಮಾತಲ್ಲ, ತನ್ನ ಪೈಪಿನ ಕೆಲಸ. ಬಾಯಿ ತೆರೆಯಲು ಹೋದಳು, ತೆರೆಯಲಿಲ್ಲ. ಸುಮ್ಮನಿದ್ದರೆ ಹುಂಜ ಮನೆಗೆ ಬರುತ್ತದೆ. ಸುಳ್ಳು ಹೇಳಬೇಕಾಗಿಯೂ ಇಲ್ಲ, ಸುಮ್ಮನಿದ್ದರಾಯಿತು. ತನ್ನ ಬಾಳಿನಲ್ಲಿ ಮೊದಲ ಬಾರಿಗೆ ಅವಳು ಸುಮ್ಮನಿದ್ದಳು. ಎದೆಯೊಳಗೆ ಸಂತೋಷ ಉಕ್ಕುತ್ತಿತ್ತು, ನಾಚಿಕೆಯಿಲ್ಲದ ಸಂತೋಷ.

ಆಗಲೇ, ಚೆಂಬಿನಿಂದ ಸುರಿದಾಗ ಸಿಡಿದ ನೀರು ತಾಗಿ, ಪಕ್ಕದಲ್ಲಿ ಕೂತಿದ್ದ ಬೆಳ್ಳಿ ಎದ್ದು ನಿಂತು ಕಿವಿಯಿಂದ ಬಾಲದ ತುದಿಯವರೆಗೆ ಪಟಪಟನೆ ಮೈ ಒದರಿತು.

ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕೆಂದು ನಕ್ಕು, "ಅಕ್ಕಾ, ಅಮ್ಮ ನಾಯೀನೇ ಕೇಳ್ತಾವ್ಳೆ ನೋಡಿ!" ಎಂದಳು. ಅವಳು ಅಂದದ್ದು ತಮಾಷೆಗೆ. ಲಕ್ಷ್ಮಿದೇವಮ್ಮ ಮಾತ್ರ ಬೆಳ್ಳಿಯನ್ನು ತನ್ನ ಕಾಲ ಹತ್ತಿರಕ್ಕೆ ಎಳೆದುಕೊಂಡಳು. ಕೊಟ್ಟ ಮಾತಿಗೆ ತಾನು ನೀರು ಬೆರೆಸಿದೆ, ಅಮ್ಮ ಕೊಟ್ಟದ್ದನ್ನು ವಾಪಸ್ಸು ಕೇಳುತ್ತಿದ್ದಾಳೆ. ನಾಲ್ಕು ಹಸುವಿನ ಹಾಲಿಗೆ ಹಾಕದ ನೀರನ್ನು ತಂದು ಹರಕೆಗೆ ಹಾಕಿದೆನಲ್ಲ ಎಂದುಕೊಂಡು ಅವಳು ಗುಡಿಯ ಮೆಟ್ಟಿಲಿಗೆ ಹಣೆ ಹಚ್ಚಿದಳು.

"ಕರೆಪ್ಪ, ಇದಕ್ಕೆ ನೀರಿನ ಅಭ್ಯಾಸ ಐತೆ. ದಿನಾ ಪೈಪಲ್ಲಿ ಸ್ನಾನ ಮಾಡಿಸ್ತಿದ್ದೆ. ಅದಕ್ಕೇ ಒದರಲಿಲ್ಲ. ಅಮ್ಮ ಬ್ಯಾಡ ಅಂದಿಲ್ಲ."

ಕರೆಪ್ಪ ಒಮ್ಮೆ ಹುಂಜವನ್ನು, ಒಮ್ಮೆ ಚೆಂಬನ್ನು ನೋಡಿದ. ಅವನಿಗೂ ಇದು ಹೊಸದು. ಕೊನೆಗೆ, "ಅದಕ್ಕೇನು ಅತ್ತಿಗೆ, ಸ್ನಾನ ನಿಲ್ಲಿಸಿ. ಯುಗಾದಿ ಹಿಂದಿನ ದಿನ ಇನ್ನೊಂದ್ಸಲ ಕೇಳೋಣ," ಎಂದ.

ಅವಳು ಬುಟ್ಟಿಯ ಕಡೆ ನೋಡಿದಳು. ನೀರು ನಿಂತಿತೇಕೆ ಎಂದು ಹುಂಜ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು. ಅತ್ತೆ ಹೇಳಿದ್ದು ಎಷ್ಟು ನಿಜ.

"ಬ್ಯಾಡ. ಇದನ್ನ ಕೊಡಕ್ಕೆ ನನ್ನ ಕೈಲಾಗಲ್ಲ. ಕೈಲಾಗಲ್ಲ ಅಂತ ಅಮ್ಮನ ಮುಂದೇನೇ ಹೇಳ್ತಿದ್ದೀನಿ. ಕಮ್ಮಿದು ಕೊಟ್ರೆ ಮೋಸ, ಹೆಚ್ಚಿಂದು ಕೊಟ್ರೆ ಮೋಸ ಆಗಲ್ಲ. ಇದರ ಬದ್ಲಿಗೆ ಇವತ್ತಿಂದ ಸಾಯೋಗಂಟ ಕೋಳಿ ನನ್ನ ನಾಲಿಗೆ ಮುಟ್ಟಲ್ಲ. ನೀರು ನನ್ ಮೇಲೆ ಹಾಕು."

ಸಾಲಿನ ಹೆಂಗಸರ ನಗು ನಿಂತಿತು. ಇಟ್ಟಮಡುವಿನಲ್ಲಿ ಲಕ್ಷ್ಮಿದೇವಮ್ಮನ ನಾಟಿಕೋಳಿ ಸಾರನ್ನು ಉಣ್ಣದವರಿರಲಿಲ್ಲ, ಅದನ್ನು ಅವಳಷ್ಟು ಪ್ರೀತಿಯಿಂದ ಉಣ್ಣುವವರೂ ಇರಲಿಲ್ಲ. ಮನೆಯಲ್ಲಿ ಯಾವ ಕೋಳಿ ಬೆಂದರೂ ಅದರ ಕಂದನಕಾಯಿ, ಹೊಟ್ಟೆಯೊಳಗೆ ಕಾಳು ಅರೆಯುವ ಆ ಗಟ್ಟಿ ಗುಂಡು ತುಣುಕು, ಅಡುಗೆ ಮಾಡಿದವಳಿಗೇ ಸೇರಬೇಕೆಂದು ತಿಮ್ಮರಾಯಪ್ಪ ಮದುವೆಯಾದ ವರ್ಷದಿಂದ ತನ್ನ ಕೈಯಾರೆ ಅವಳ ತಟ್ಟೆಗೆ ಹಾಕುತ್ತಿದ್ದ.

"ಹೆಂಗಸರ ಮೇಲೆ ಹಾಕೋ ಪದ್ಧತಿ ಇಲ್ಲ ಅತ್ತಿಗೆ," ಎಂದು ಕರೆಪ್ಪ ಹಿಂದೆ ಸರಿದ. ಅವಳು ಅವನ ಕೈಯಿಂದ ಚೆಂಬು ಕಿತ್ತುಕೊಂಡು ತಾನೇ ತಲೆಯ ಮೇಲೆ ಸುರಿದುಕೊಂಡಳು. ಇಡೀ ರಾತ್ರಿ ಮಡಕೆಯಲ್ಲಿದ್ದ ತಣ್ಣನೆಯ ನೀರು ಬೆನ್ನಿನುದ್ದಕ್ಕೂ ಇಳಿಯಿತು. ಅವಳ ಮೈ ಒಮ್ಮೆ ಗಡಗಡ ಒದರಿತು. ಚಳಿಗೋ, ಹೆದರಿಕೆಗೋ, ಅಮ್ಮನೇ ಒದರಿಸಿದಳೋ, ಅವಳು ಕೇಳಿಕೊಳ್ಳಲಿಲ್ಲ.

"ಒಪ್ಪಿದ್ಲು," ಎಂದ ಕರೆಪ್ಪ, ಮೆಲ್ಲಗೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಈ ಕಡೆಯ ಹಳೆಯ ಊರುಗಳ ಮನೆಗಳಲ್ಲಿ ಒಲೆಯ ಮೇಲೆ ಮಾಂಸ ಕುದಿಯದಿದ್ದರೆ ವರ್ಷ ಶುರುವಾದಂತೆಯೇ ಅಲ್ಲ. ತಿಮ್ಮರಾಯಪ್ಪ ಬೆಳಿಗ್ಗೆ ಐದಕ್ಕೇ ಎದ್ದು ಕೋಳಿ ಅಂಗಡಿಯ ಕ್ಯೂನಲ್ಲಿ ನಿಂತು ಬಂದ. ಹಿತ್ತಲಲ್ಲಿ ದಳವಾಯಿ, ಕಾಲಿನ ದಾರ ಬಿಚ್ಚಿಸಿಕೊಂಡು, ಉದುರಿದ ಹೊಂಗೆ ಹೂವನ್ನು ಕೆದರುತ್ತಿದ್ದ. ಉಮಾಮಹೇಶ್ವರಿ ಮಸಾಲೆಯ ವಾಸನೆಗೆ ಸೆರಗು ಮೂಗಿಗೆ ಹಿಡಿದುಕೊಂಡೇ ಬಂದು, ಒಂದು ಡಬ್ಬಿ ಒಬ್ಬಟ್ಟು, ಇನ್ನೊಂದರಲ್ಲಿ ಅದರ ಸಾರು ಬಾಗಿಲಲ್ಲಿಟ್ಟಳು. "ಆಂಟಿ, ಇನ್ಮೇಲೆ ಹಬ್ಬಕ್ಕೆ ನಿಮ್ ಊಟ ನಮ್ಮನೇದು," ಎಂದವಳ ಕಣ್ಣು ಒದ್ದೆಯಾಗಿತ್ತು.

"ಅಳಬ್ಯಾಡ ಕಣೇ. ಹೆಸರಿಟ್ಟೋಳು ನೀನು, ನಾಮಕರಣದ ಊಟ ಅಂತ ತಿಳ್ಕಂತೀನಿ," ಎಂದಳು ಲಕ್ಷ್ಮಿದೇವಮ್ಮ.

ಸಾರು ಕುದಿಯುವಾಗ ಅಭ್ಯಾಸಬಲದಿಂದ ಸೌಟಿನ ತುದಿಯ ಸಾರನ್ನು ಅಂಗೈಗೆ ಬಿಟ್ಟುಕೊಂಡು ಬಾಯಿಯ ಹತ್ತಿರ ತಂದಳು. ತಂದವಳು ನಿಂತಳು. ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಂಡಳು. ಉಪ್ಪು ನೋಡದೆ ಕೋಳಿ ಸಾರು ಇಳಿಸಿದ್ದು ಅವಳಿಗೆ ಅದೇ ಮೊದಲು, ಒಲೆ ಆರಿಸುವಾಗ ಕಣ್ಣಲ್ಲಿ ನೀರು ಬಂತು. ಬಂದದ್ದು ಸಾರಿನ ಆಸೆಗೇ. ಅದನ್ನು ಮುಚ್ಚಿಡುವ ಹೆಂಗಸಲ್ಲ ಅವಳು.

ತಿಮ್ಮರಾಯಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ.

"ಉಪ್ಪು?" ಎಂದಳು.

"ಸರಿಯಾಗೈತೆ," ಎಂದ. ಉಪ್ಪು ಹೆಚ್ಚಾಗಿತ್ತು. ಅವನು ಎರಡು ಲೋಟ ನೀರು ಕುಡಿದಾಗಲೇ ಅವಳಿಗೆ ಗೊತ್ತಾಯಿತು. ಹಾಲಿಗೆ ನೀರು ಹಾಕು ಎಂದಿದ್ದ ಬಾಯಿಂದ ಬಂದ ಆ ಸುಳ್ಳಿಗೆ ಅವಳು ಅವತ್ತು ಬೈಯಲಿಲ್ಲ.

ಸಾರಿನಲ್ಲಿ ಅವನ ಬೆರಳು ಹುಡುಕಾಡಿ ಕಂದನಕಾಯಿಯನ್ನು ಎತ್ತಿ, ನಲವತ್ತು ವರ್ಷದ ರೂಢಿಯಂತೆ ಅವಳ ತಟ್ಟೆಯ ಕಡೆ ಚಾಚಿತು. ಅಲ್ಲಿ ಒಬ್ಬಟ್ಟಿತ್ತು. ಕೈ ನಡುದಾರಿಯಲ್ಲಿ ನಿಂತಿತು. ಅವನು ಹೆಂಡತಿಯನ್ನು ನೋಡಿದ, ಅವಳು ಹಿತ್ತಲ ಬಾಗಿಲನ್ನು ನೋಡಿದಳು. ಹೊಸಿಲಿನ ಆಚೆ ಬೆಳ್ಳಿ ಮುಂಗಾಲ ಮೇಲೆ ಗದ್ದವಿಟ್ಟುಕೊಂಡು ಮಲಗಿತ್ತು. ತಿಮ್ಮರಾಯಪ್ಪ ಎದ್ದು ಹೋಗಿ, ಬಿಸಿ ಆರಲೆಂದು ಎರಡು ಸಲ ಊದಿ, ಅದನ್ನು ನಾಯಿಯ ಮುಂದಿಟ್ಟ.

ಬೆಳ್ಳಿಗೆ ಹಲ್ಲು ಕಡಿಮೆ. ನಿಧಾನವಾಗಿ, ತಲೆ ಒಂದು ಕಡೆ ಓರೆ ಮಾಡಿಕೊಂಡು, ತುಂಬಾ ಹೊತ್ತು ಅಗಿಯಿತು. ಅದು ತಿಂದು ಮುಗಿಸುವವರೆಗೂ ಲಕ್ಷ್ಮಿದೇವಮ್ಮ ತನ್ನ ತಟ್ಟೆಗೆ ಕೈ ಹಾಕಲಿಲ್ಲ.