ಅತ್ತೆಯವರಿಗೆ ದಿಲ್ಲಿ ತೋರಿಸಿದ ವೀರಭದ್ರ

ಭಕ್ತ ಬಂಧುಗಳಿಗೆ ಶರಣು. ನಾಲ್ಕು ದಿನದ ದಿಲ್ಲಿ ಪ್ರವಾಸಕ್ಕೆ ಒಬ್ಬ ಹಿರಿಯರನ್ನು ಒಪ್ಪಿಸುವುದರಲ್ಲಿ ನನ್ನ ಜೀವ ಹೈರಾಣಾಗಿತ್ತು.

2011ರ ಮಾತು. ನಾವು ಬೀದರ್ ಕಡೆಯವರು. ಯಜಮಾನರಿಗೆ ನಾಸಿಕದ ಬ್ಯಾಂಕಿಗೆ ವರ್ಗವಾಗಿ ಅಲ್ಲಿಯ ಪಂಚವಟಿಯಲ್ಲಿದ್ದೆವು. ಅತ್ತೆಯವರು ಮೈದುನನ ಜೊತೆ ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ ಇದ್ದರು. ದೀಪಾವಳಿ ರಜೆಗೆ ತಾಯಿಗೆ ದಿಲ್ಲಿ ತೋರಿಸಬೇಕೆಂದು ಯಜಮಾನರ ಆಸೆ. ಸ್ಲೀಪರ್ ಟಿಕೆಟ್, ಧರ್ಮಶಾಲೆಯ ಕೋಣೆ, ತಿರುಗಾಡಲು ಸಿಟಿ ಬಸ್ಸು, ದಾರಿಗೆ ರೊಟ್ಟಿ-ಚಟ್ನಿಪುಡಿ, ಎಲ್ಲ ನಾನೇ ಗೊತ್ತು ಮಾಡಿದೆ. ಅತ್ತೆಯವರದು ಫೋನಿನಲ್ಲಿ ದಿನಕ್ಕೊಂದು ತಕರಾರು. ಕೆಂಪುಕೋಟೆ ಎಂದರೆ "ಬಿಸಲು." ಕುತುಬ್ ಮಿನಾರ್ ಎಂದರೆ "ಕಲ್ಲೇನ್ ನೋಡೋದು?" ರಾಷ್ಟ್ರಪತಿ ಭವನ ಎಂದರೆ "ಅವರೇನ್ ನಮಗ ಕರದಾರೇನು?"

"ನೀನೇ ಹೋಗಿ ಒಪ್ಪಿಸಿ ಬಾ" ಎಂದರು ಯಜಮಾನರು. ಔರಂಗಾಬಾದಿನ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಅರ್ಧ ದಾರಿಯ ಯೇವಲಾದವರೆಗೂ ಕಂಬಿ ಹಿಡಿದು ನಿಂತೆ. ನಿಂತಲ್ಲೇ ಮನೆದೇವರನ್ನು ಬೇಡಿದೆ: "ವೀರಭದ್ರಾ, ಅತ್ತಿಯವರ್ನ ಒಪ್ಪಿಸು, ಇಲ್ಲಾ ಯಜಮಾನರ ತಲಿಯಿಂದ ಈ ದಿಲ್ಲಿ ತೆಗಿ. ನನಗ ಸಾಕಾಗ್ಯದ."

ಮನೆ ಮುಟ್ಟಿ, ದಿಲ್ಲಿಯ ಚಿತ್ರಗಳ ಪುಸ್ತಕ ಬಿಚ್ಚಿ ಎದುರಿಗಿಟ್ಟೆ. ಅತ್ತೆಯವರು ಮುಖ ತಿರುಗಿಸಿ, "ಬ್ಯಾಡವ್ವ" ಎಂದರು.

ನನ್ನ ಸಹನೆ ಮುಗಿಯಿತು. "ಅತ್ತಿ, ನಿಮಗ ನೋಡಬೇಕಂತ ಇರೋದಾದ್ರೂ ಏನ್ರಿ? ಒಮ್ಮೆ ಹೇಳಿಬಿಡ್ರಿ!"

ಅವರು ಪುಸ್ತಕ ಮುಚ್ಚಿದರು. "ಏನ್ ತೋರಿಸಿದ್ರೂ ಮಂಜು ಮಂಜು ಕಾಣ್ತದವ್ವ. ನಿನ್ನ ಮಾರಿನೂ ನನಗ ಕಾಣವಲ್ದು."

ಅವರ ತಂಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಇದ್ದ ದೃಷ್ಟಿಯನ್ನೂ ಕಳೆದುಕೊಂಡಿದ್ದರಂತೆ. ಆ ಅಂಜಿಕೆಗೆ ಅತ್ತೆಯವರು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ಮರುದಿನವೇ ನಾನೂ ಮೈದುನನೂ ಅವರನ್ನು ಕಣ್ಣಿನ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು, "ಮೋತಿಬಿಂದು, ಕಣ್ಣಿನ ಪೊರೆ, ಪೂರಾ ಬಲಿತಿದೆ. ಇನ್ನೂ ತಡ ಮಾಡಿದ್ದರೆ ಕಣ್ಣೇ ಹೋಗುತ್ತಿತ್ತು" ಎಂದರು. ಆ ಮಾತಿಗೆ ಅತ್ತೆಯವರು ಒಪ್ಪಿದರು; ಟಿಕೆಟ್ ರದ್ದಾಯಿತು, ಒಂದು ಕಣ್ಣಿನ ಆಪರೇಷನ್ ಆಯಿತು. ದೀಪಾವಳಿಯೆಲ್ಲ ಅವರ ಕಣ್ಣಿಗೆ ಔಷಧ ಹಾಕುವುದರಲ್ಲೇ ಕಳೆಯಿತು. ನಿಜ ಹೇಳುತ್ತೇನೆ, ಅದಕ್ಕೂ ಗೊಣಗಿದೆ.

ಇನ್ನೊಂದು ಕಣ್ಣೂ ಆದ ಮೇಲೆ ಫೆಬ್ರವರಿಯಲ್ಲಿ ದಿಲ್ಲಿಗೆ ಹೋದೆವು. ನನ್ನ ಕಾಲು ಬಾತು, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟರೆ ಅತ್ತೆಯವರು ಕೈ ಹಿಡಿದು ಎಳೆಯುತ್ತಿದ್ದರು: "ಏಳವ್ವ, ಆ ಕಡಿಗೊಂದ್ ಏನೋ ಕಾಣಕತ್ತದ!"

ಸಿಟ್ಟಿನಲ್ಲಿ ಬೇಡಿದವಳ ಮಾತನ್ನೂ ದೇವರು ಕೇಳುತ್ತಾನೆಂದು ಅಂದಿನಿಂದ ನಂಬಿದ್ದೇನೆ. ವೀರಭದ್ರನ ಪಾದಕ್ಕೆ ನನ್ನ ಹಣೆ.