ಮರಮ್ಮ ಕಾದ ಬೆಂಕಿ

ಕಂಪಲಾಪುರದ ಪಕ್ಕದ ನಮ್ಮೂರಿನಲ್ಲಿ ನಾಯಿ ಬೆಕ್ಕಿಗೆ ಏನಾದರೂ ಜನ ಹೋಗುವುದು ಮರಮ್ಮನ ಜಗಲಿಗೆ. ಬೈಸಿಕೊಳ್ಳದೆ ಅಲ್ಲಿಂದ ಎದ್ದು ಬಂದವರಿಲ್ಲ. ಬೆಕ್ಕು ಗರಿಕೆ ತಿಂದು ಕಕ್ಕಿತೆಂದರೆ, "ಕಕ್ಲಿ ಬುಡು, ಅದ್ಕೂ ನಂಗೂ ಏನು?" ಎನ್ನುವಳು. ಮರಿ ಚಪ್ಪಲಿ ಕಡಿಯಿತೆಂದರೆ, "ಅಲ್ಲು ಬತ್ತಾವೆ. ನಿನ್ ಮಗ ಅಲ್ಲು ಬರೋವಾಗ ಸುಮ್ನಿದ್ನಾ?" ತನ್ನ ನಾಯಿಗಳಿಗೆ ಮಾತ್ರ ವರ್ಷವರ್ಷವೂ ಹುಚ್ಚಿನ ಸೂಜಿ ಹಾಕಿಸುವಳು. ಅದನ್ನು ಕಂಡು ನಗುವವರಲ್ಲಿ ಪುಟ್ಟಮಲ್ಲಪ್ಪನೇ ಮುಂದು.

ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪನ್ನು ಒಲೆಯ ಬಿಸಿಗೆ ಒಣಗಿಸುವ ಪುಟ್ಟಮಲ್ಲಪ್ಪನ ಬ್ಯಾರನ್ ಮನೆಯ ಬೆಚ್ಚನೆ ಗೋಡೆಗೆ ಒರಗಿ ಮಲಗುತ್ತಿದ್ದ ಅವನ ನಾಯಿ ಕರಿಯ ಅನ್ನ ಬಿಟ್ಟಿತು. ದವಡೆ ಜೋತುಬಿದ್ದು ಜೊಲ್ಲು ಸುರಿಯತೊಡಗಿತು. ನಮ್ಮ ಕಡೆ ಇದನ್ನು ಕಂಡವರೆಲ್ಲ ಹೇಳುವುದು ಒಂದೇ: ಗಂಟಲಲ್ಲಿ ಮೂಳೆ ಸಿಕ್ಕಿದೆ. ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬರಬೇಕು ಎಂಬ ತಿಳಿವಳಿಕೆ ಈ ಜನಕ್ಕೆ. ಮಂಕಾಗಿ ಮೂಲೆ ಸೇರುವ ಹುಚ್ಚೂ ಇದೆ ಎಂದು ನಾನೂ ಹತ್ತು ಸಲ ಹೇಳಿದ್ದೇನೆ. ಯಾವ ಕಿವಿಗೂ ಬೀಳಲಿಲ್ಲ.

ಪುಟ್ಟಮಲ್ಲಪ್ಪ ಬಾಯೊಳಗೆ ಕೈ ತೂರಿಸಿ ತಡಕಾಡಿದ. ಆಮೇಲೆ ಮರಮ್ಮನ ಜಗಲಿಗೆ ಬಂದ.

"ಅಕ್ಕಯ್ಯ, ಮೂಳೆ ಕೈಗೆ ಸಿಕ್ತಿಲ್ಲ ಕಣಕ್ಕ."

ಮರಮ್ಮ ನೋಡಿದ್ದು ಅವನ ಕೈಯನ್ನು. ಸೊಪ್ಪು ಕಟ್ಟಿ ಕಟ್ಟಿ ಬೆರಳ ಸಂದೆಲ್ಲ ಸೀಳಿತ್ತು.

"ಈ ಕೈನಾ ಆಕಿದ್ದು? ಥೂ ನಿನ್ನ! ನಿಂಗೆ ಬುದ್ಧಿ ಅನ್ನೋದು ಯಾವಾಗ್ಲಾ ಬರದು?"

"ನಮ್ ಕರಿಯ ಕಚ್ಚಿಲ್ಲ ಬುಡಕ್ಕ. ನಾನೇ ಕೈ ಆಕ್ದೆ."

"ಅದ್ರ ಜೊಲ್ಲಿಗೆ ನೀನಾಕಿದ್ದು ಅಂತ ಗೊತ್ತಾಯ್ತದಾ?"

ನಲ್ಲಿಯ ಕೆಳಗೆ ನಿಲ್ಲಿಸಿ, ಅವನು ಸಾಕು ಸಾಕೆಂದರೂ ಬಿಡದೆ ಸೋಪು ಹಚ್ಚಿಸಿ ತೊಳೆಸಿದಳು. ಆಸ್ಪತ್ರೆ ಎಂದೊಡನೆ ಅವನು ಕೊಸರಾಡಿದ. ಬ್ಯಾರನ್ ತುಂಬ ಸೊಪ್ಪು, ಬೆಂಕಿ ಬಿಟ್ಟರೆ ವರ್ಷದ ಬೆಳೆ ಕಪ್ಪಾಗುತ್ತದೆ ಎಂದ.

"ಬೆಂಕಿ ನಾನ್ ನೋಡ್ತೀನಿ. ನೀನೋಗು!"

ಅವನು ಹೋದ. ಮರಮ್ಮ ಕರಿಯನನ್ನು ಯಾರೂ ಮುಟ್ಟದಂತೆ ಕೊಟ್ಟಿಗೆಯೊಳಗೆ ಬಿಟ್ಟು ಬಾಗಿಲು ಹಾಕಿಸಿ, ಬ್ಯಾರನ್ನಿನ ಒಲೆಯ ಮುಂದೆ ಕೂತು ಸೌದೆ ತಳ್ಳಿದಳು. ಮಾರನೆಯ ದಿನ ಕರಿಯ ಸತ್ತ.

ಮುಂದಿನ ಸೂಜಿಯ ದಿನ ಪುಟ್ಟಮಲ್ಲಪ್ಪ ಬ್ಯಾರನ್ ಮುಂದೆ ಕಾಲು ಚಾಚಿ ಕೂತಿದ್ದ. "ನಾಯಿನೇ ಸತ್ತೋಯ್ತು, ಇನ್ಯಾಕಕ್ಕ ಸೂಜಿ? ಬೆರಳಿಗೇ ಚುಚ್ಚಿದ್ರು, ಇನ್ನೂ ನೋಯ್ತದೆ."

ಈ ಮಾತು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಾಯಿ ಸತ್ತದ್ದೇ ಇವನು ಓಡಬೇಕಾದ ಕಾರಣ. ಇವನಿಗೆ ಅದೇ ಕೂರಲು ನೆಪ!

ಮರಮ್ಮ ತೊಟ್ಟಿಯಿಂದ ಕೊಡ ತುಂಬಿ ತಂದು ಒಲೆಯ ಬಾಯಿಗೆ ಎತ್ತಿ ಹಿಡಿದಳು.

"ಅಕ್ಕಯ್ಯ, ಬ್ಯಾಡ! ಬೆಳೆ ಓಯ್ತದೆ!"

"ಓಗ್ಲಿ. ನೀನೇ ಓದ್ಮೇಲೆ ಬೆಳೆ ಯಾರ್ಗೆ? ಎದ್ದೇಳ್ಲಾ!"

ಅವಳು ಹುಯ್ಯುವವಳೇ ಎಂದು ಅವನಿಗೆ ಗೊತ್ತಿತ್ತು. ಎದ್ದು ಓಡಿದ. ಉಳಿದ ಸೂಜಿಗಳಿಗೂ ಹಾಗೇ, ಗೊಣಗುತ್ತಲೇ ಹೋದ.

ಅವನು ಹೋದಾಗಲೆಲ್ಲ ಒಲೆ ಕಾದ ಮರಮ್ಮನ ಸಿಟ್ಟಿಗೆ ಬೆಂಕಿ ಹೆಚ್ಚಾಗಿ, ಹಳದಿಯಾಗಬೇಕಿದ್ದ ಸೊಪ್ಪು ಕೆಂಪಾಗಿ ಬೆಲೆ ಇಳಿದಿತ್ತು. ಈ ವರ್ಷವೂ ಪುಟ್ಟಮಲ್ಲಪ್ಪ ಅವಳ ಜಗಲಿಯ ಮುಂದೆ ನಿಂತು ಕೂಗಾಡುತ್ತಾನೆ: "ಚಿನ್ನದಂಥ ಸೊಪ್ಪು ಸುಟ್ಟಾಕ್ಬುಟ್ಟೆ ಕಣಕ್ಕ!"

"ಕೂಗು, ಇನ್ನೂ ಜೋರಾಗ್ ಕೂಗು," ಎನ್ನುತ್ತಾಳೆ ಮರಮ್ಮ. "ಕೂಗಕ್ಕೆ ಉಸ್ರು ಐತಲ್ಲ ಮುಂಡೇದಕ್ಕೆ."