ಮಾಳಿಗೆಯ ಮೇಲಿನ ಪಂಚೆ

ಪತಂಗ ನೋಡಲು ಬಿಳಿ ಬಟ್ಟೆ ಬೇಕು. ಸಂಜೆ ಅದನ್ನು ಹಗ್ಗದ ಮೇಲೆ ಹರವಿ, ಹಿಂದೊಂದು ಬಲ್ಬು ಹಚ್ಚಿದರೆ ಸಾಕು, ಅವು ತಾವಾಗಿಯೇ ಬಂದು ಕೂರುತ್ತವೆ. ಮೊದಲ ಸಲ ನಾವು ಕಟ್ಟಿದ್ದು ಹೂವಿನ ಚಿತ್ರದ ಬೆಡ್‌ಶೀಟು. ಯಾವುದು ಹೂವು, ಯಾವುದು ಪತಂಗ ಎಂದು ಹುಡುಕುವುದರಲ್ಲೇ ಊಟದ ಹೊತ್ತಾಯಿತು. ಮರುದಿನ ನನ್ನ ಗಂಡ ತಾವು ಉಟ್ಟಿದ್ದ ಪಂಚೆಯನ್ನೇ ಬಿಚ್ಚಿ, ಲುಂಗಿ ಸುತ್ತಿಕೊಂಡು, "ತಗೋ, ಇದನ್ನ ಕಟ್ಟು" ಅಂದರು. ಅಂದಿನಿಂದ ಆ ಪಂಚೆ ಅರ್ಧ ಅವರದು, ಅರ್ಧ ಪತಂಗಗಳದು.

ನಮ್ಮದು ಹೊಸಪೇಟೆಯ ಹಳೆಯ ಬೀದಿಯಲ್ಲಿರುವ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅವರು ಸಂಡೂರಿನ ಹತ್ತಿರ ಯಶವಂತನಗರದ ಕಡೆ ಗಣಿಯೊಂದರ ಆಫೀಸಿನಲ್ಲಿದ್ದರು. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಬಂದವರೇ ಕಾಲು ತೊಳೆದು ಪಂಚೆ ಉಡುತ್ತಿದ್ದರು. ಎಷ್ಟು ತಿಕ್ಕಿದರೂ ಹಿಮ್ಮಡಿಯ ಬಿರುಕಿನಲ್ಲಿ ಅದಿರಿನ ಕೆಂಪು ಉಳಿಯುತ್ತಿತ್ತು. ಅದು ಪಂಚೆಯ ಅಂಚಿಗೆ ಹತ್ತಿ, ನಾನು ಹಾಕಿದ ಯಾವ ಸೋಪಿಗೂ ಬಗ್ಗಲಿಲ್ಲ. ನಮ್ಮ ಜೊತೆಗೇ ಇರುವ ಅವರ ತಾಯಿ, ನನ್ನ ಅತ್ತೆ, ಕೆಳಗಿನಿಂದಲೇ ಕೂಗುತ್ತಿದ್ದರು: "ಉಡೋ ಅರಿವಿ ಮ್ಯಾಲ ಹುಳ ಕೂಡಸ್ತೀರಲ್ಲ, ನಾಚಿಕಿ ಇಲ್ಲೇನು ಇಬ್ಬರಿಗೂ?"

ಈ ಹುಚ್ಚು ಹಚ್ಚಿದ್ದು ಮಾತ್ರ ಅತ್ತೆಯ ಕಣಗಿಲೆ ಗಿಡವೇ. ದೇವರ ಹೂವಿಗೆಂದು ಅವರು ಹಿತ್ತಲಲ್ಲಿ ಬೆಳೆಸಿದ್ದ ಗಿಡದ ಎಲೆಯಡಿ ಒಂದು ಬೆಳಿಗ್ಗೆ ಬೆಳ್ಳಿಯ ಲೋಲಾಕಿನಂಥದ್ದು ತೂಗುತ್ತಿತ್ತು. ಯಾರದೋ ಕಿವಿಯಿಂದ ಜಾರಿದ್ದೆಂದು ಅತ್ತೆ ಕೈ ಹಾಕಿದರೆ ಅದು ಮಿಸುಕಿತು! ಅವರು ಹೂಬುಟ್ಟಿ ಬಿಟ್ಟು ಒಳಗೆ ಓಡಿದರು. ನಾವಿಬ್ಬರೂ ಅಲ್ಲೇ ನಿಂತೆವು. ಕೆಲವು ದಿನ ಬಿಟ್ಟು ಅದರೊಳಗಿನಿಂದ ಕಪ್ಪು ಚಿಟ್ಟೆಯೊಂದು ಮುದುಡಿದ ರೆಕ್ಕೆಗಳೊಂದಿಗೆ ಇಳಿದು ಬಂದಾಗ ನನ್ನ ಗಂಡ ಆಫೀಸಿಗೆ ರಜೆ ಹಾಕಿದರು. ಜ್ವರ ಬಂದರೂ ರಜೆ ಹಾಕದ ಮನುಷ್ಯ.

ಅಲ್ಲಿಂದ ನಮಗೆ ವರ್ಷವೆಂದರೆ ಚಿಟ್ಟೆಗಳ ವರ್ಷವಾಯಿತು. ಮಳೆ ಹಿಡಿದೊಡನೆ ಕಡ್ಡಿರಾಂಪುರದ ಬಾಳೆ ತೋಟಗಳ ಬದಿ. ಶ್ರಾವಣದಲ್ಲಿ ಬುಕ್ಕಸಾಗರದ ಗದ್ದೆಯ ಬದು. ದಸರಾ ಹೊತ್ತಿಗೆ ಸಂಡೂರಿನ ಗುಡ್ಡ. ಚಳಿಗಾಲದಲ್ಲಿ ಕಂಪ್ಲಿ ಕಡೆಯ ಕಾಲುವೆ ದಂಡೆ. ಅಲ್ಲಿ ಒದ್ದೆ ಮಣ್ಣಿನ ಮೇಲೆ ಹಳದಿ ಚಿಟ್ಟೆಗಳು ಪಂಕ್ತಿಗೆ ಕುಳಿತಂತೆ ಸಾಲಾಗಿ ಕುಳಿತು ನೀರು ಹೀರುತ್ತಿದ್ದವು. ಬೇಸಿಗೆಯಲ್ಲಿ ಏನೂ ಇಲ್ಲದಾಗ ಹಂಪಿಯ ಬಂಡೆಗಳ ನಡುವಿನ ಎಕ್ಕದ ಗಿಡಗಳೇ ಗತಿ. ಪುಸ್ತಕದ ಹೆಸರುಗಳು ಬಾಯಲ್ಲಿ ತಿರುಗದೆ ನಾವೇ ಹೆಸರಿಟ್ಟೆವು. ಎಲ್ಲರ ಮನೆಗೂ ಹಣಿಕಿ ಹಾಕಿ ಎಲ್ಲೂ ಕೂರದೆ ಹೋಗುವುದು ಸೋದರತ್ತೆ. ಕೊಳೆತ ಬಾಳೆಹಣ್ಣಿನ ಮೇಲೆ ಕುಳಿತರೆ ಎಬ್ಬಿಸಿದರೂ ಏಳದ ಕಂದು ಚಿಟ್ಟೆ ಬೀಗರು. ಹತ್ತಿರ ಹೋಗುವಾಗಲೆಲ್ಲ ಅವರು ನನ್ನ ಭುಜ ಹಿಡಿದು ಪಿಸುಗುಡುತ್ತಿದ್ದರು: "ನೆರಳು ಹಿಂದಿಡು." ಮೇಲೆ ನೆರಳು ಬಿದ್ದರೆ ಚಿಟ್ಟೆ ಎದ್ದುಬಿಡುತ್ತದೆ.

ಹೋದ ವರ್ಷ ದಸರಾ ಕಳೆದ ಮೇಲೊಂದು ಬೆಳಿಗ್ಗೆ, ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟುತ್ತಾ ಅಂದರು: "ನಿನ್ನೆ ನಮ್ಮ ಗಣಿ ಗೇಟಿನ ಲೈಟಿಗೆ ಒಂದು ಪತಂಗ ಬಂದಿತ್ತು. ಅಂಗೈಗಿಂತ ದೊಡ್ಡದು. ನಾಲ್ಕೂ ರೆಕ್ಕ್ಯಾಗ ಒಂದೊಂದು ಗಾಜಿನ ಕಿಟಕಿ. ಟಸರ್ ರೇಷ್ಮೆದ್ದು. ನಿನಗ ತೋರಸ್ತೀನಿ ತಡಿ."

ಅಂದು ಸಂಜೆ ಬಸ್ಸು ಎಂದಿನಂತೆ ನಮ್ಮ ಬೀದಿಯ ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯಿತು. ಅವರು ಇಳಿಯಲಿಲ್ಲ. ಡ್ರೈವರ್ ಬಾಗಿಲವರೆಗೆ ನಡೆದು ಬಂದು, ಟವೆಲ್ ಕೈಯಲ್ಲಿ ಹಿಂಡುತ್ತಾ, "ಏಳವಲ್ರು, ಅಕ್ಕಾರ. ಎಷ್ಟ್ ಎಬ್ಬಿಸಿದ್ರೂ ಸಾಹೇಬ್ರು ಏಳವಲ್ರು" ಅಂದ. ಕಿಟಕಿ ಪಕ್ಕದ ಸೀಟಿನಲ್ಲಿ ನಿದ್ದೆ ಹೋದಂತೆ ಕುಳಿತಿದ್ದರು. ಕೈಚೀಲದಲ್ಲಿ ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

ಕರ್ಮಾಂತರ ಮುಗಿದ ಮೇಲೆ ಅತ್ತೆ ಮಗನ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿಸಿದರು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎಳೆ ಬಿಟ್ಟಿದೆಯೇ, ತೂತಿದೆಯೇ ಎಂದು ನೋಡಿ ಎರಡು ರಾಶಿ ಮಾಡಿದರು. "ಇಲ್ಲಿ ಕೊಟ್ಟ ಅರಿವಿನೇ ಅಲ್ಲಿ ಅವಗ ಮುಟ್ಟೋದು. ಹರಕು ಕೊಟ್ರ ಅಲ್ಲಿ ಹರಕೇ ಉಡ್ತಾನ" ಅಂದರು. ಗಟ್ಟಿ ರಾಶಿ ಕೊಡಲು, ಹರಕು ರಾಶಿ ಒರೆಸಲು. ಕೆಂಪು ಅಂಚಿನ ಪಂಚೆ ಗಟ್ಟಿ ರಾಶಿಯಲ್ಲಿತ್ತು. ಅವರ ಕಣ್ಣೆದುರೇ ಅದನ್ನು ಎತ್ತಿಕೊಂಡೆ. "ಇದು ಬಟ್ಟೆ ಅಲ್ರಿ, ಪರದೆ" ಅಂದೆ. ನನ್ನ ಮಾತಿನ ಮೊಂಡುತನ ಅವರಿಗೆ ಹೊಸದಲ್ಲ. ಅವತ್ತು ಉಳಿದ ಬಟ್ಟೆ ಮಡಚತೊಡಗಿದರು.

ಆ ವರ್ಷವನ್ನೆಲ್ಲ ನಾನು ಒಬ್ಬಳೇ ನೋಡಿದೆ. ಒಬ್ಬಳೇ ಎಂದು ಹೇಳುತ್ತೇನೆ, ಆದರೆ ಸ್ಕೂಟರಿನಲ್ಲಿ ಹಿಂದಿನ ಸೀಟು ಖಾಲಿ ಅನ್ನಿಸಿದ್ದೇ ಇಲ್ಲ. ಕಂಪ್ಲಿಯ ಕಾಲುವೆ ದಂಡೆಯಲ್ಲಿ "ಅಲ್ನೋಡ್ರಿ" ಎಂದು ಪಕ್ಕಕ್ಕೆ ತಿರುಗಿ, ಅಲ್ಲಿ ನಿಂತಿದ್ದ ಎಮ್ಮೆಗೆ ಚಿಟ್ಟೆ ತೋರಿಸಿದ್ದೇನೆ. ನಗು ಬಂತು, ಆಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟೆ. ಬೇಸಿಗೆಯಲ್ಲೊಮ್ಮೆ ಹಂಪಿಯಲ್ಲಿ, ಎಕ್ಕದ ಎಲೆಯಡಿ ಮೊಟ್ಟೆ ಇಡುತ್ತಿದ್ದ ಕಿತ್ತಳೆ ಬಣ್ಣದ ಚಿಟ್ಟೆಯ ಹತ್ತಿರ ಉಸಿರು ಬಿಗಿಹಿಡಿದು ಬಗ್ಗಿದ್ದೆ. ನನ್ನ ನೆರಳು ಸರಿಯಾಗಿ ಹಿಂದೆ ಬಿದ್ದಿತ್ತು. ಆದರೂ ಎಲೆಯ ಮೇಲೆ ಒಂದು ನೆರಳು ಹಾದುಹೋಯಿತು, ಚಿಟ್ಟೆ ಎದ್ದಿತು. ಮೇಲೆ ನೋಡಿದೆ, ಹಿಂದೆ ನೋಡಿದೆ. ಹದ್ದೊಂದು ಹಾರಿರಬೇಕು. ಹದ್ದು ಕಾಣಲಿಲ್ಲ.

ಪಂಚೆಯನ್ನು ರಜೆಯ ಹಿಂದಿನ ಸಂಜೆಗಳಲ್ಲಿ ಕಟ್ಟುತ್ತಿದ್ದೆ. ಡ್ಯಾಮಿನ ಕಡೆಯಿಂದ ಗಾಳಿ ಬೀಸಿದರೆ ಅದು ಉಬ್ಬುತ್ತಿತ್ತು, ನಡು ಬಾಗಿಸುತ್ತಿತ್ತು, ಒಂದು ಹೆಜ್ಜೆ ಇಟ್ಟು ನಿಂತಂತೆ ಅಂಚು ಅಲ್ಲಾಡುತ್ತಿತ್ತು. ತಿರುವಿನಲ್ಲಿ ಬಸ್ಸು ಈಗಲೂ ನಿಲ್ಲುತ್ತದೆ, ಬೇರೆ ಯಾರೋ ಇಳಿಯುತ್ತಾರೆ. ಆ ಹಾರ್ನ್ ಕೇಳಿದಾಗಲೆಲ್ಲ ನಾನು ಪಂಚೆಯ ಕಡೆ ನೋಡುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ. ಭಯವಂತೂ ಅಲ್ಲ. ಅವರು ಹೋಗದಿರಲಿ ಎಂಬ ಆಸೆ, ಅಷ್ಟೇ.

ಒಂದು ದಿನ ಎದುರುಮನೆಯಾಕೆ ಅಂಗಳದಲ್ಲಿ ಅತ್ತೆಯನ್ನು ನಿಲ್ಲಿಸಿ, "ಸಂಜಿ ಮುಂದ ನಿಮ್ಮ ಮಾಳಿಗಿ ಮ್ಯಾಲ ಯಾರೋ ನಿಂತಂಗ ಕಾಣ್ತದ್ರಿ. ನಮ್ಮ ಹುಡುಗ್ರು ಹೆದರ್ತಾವ" ಅಂದಳು. ಅತ್ತೆ ಒಳಗೆ ಬಂದವರೇ ನನ್ನೆದುರು ನಿಂತರು.

"ವರ್ಷಾಬ್ದಿಕ ಬಂತು. ಅದರೊಳಗ ಕಡೀ ಅರಿವಿನೂ ಮನಿ ದಾಟಬೇಕು. ನೀ ಹಿಂಗ ಹಿಡಕೊಂಡ್ರ ಅವ ಹೆಂಗ ಹೋಗಬೇಕು? ಅಲ್ಲೂ ಇಲ್ಲ, ಇಲ್ಲೂ ಇಲ್ಲ, ನಡುವ ನಿಲ್ಲಬೇಕೇನು ನನ್ನ ಮಗ?"

ಎಂದೂ ಅವರ ದನಿ ಹಾಗೆ ಒಡೆದಿರಲಿಲ್ಲ. ಅವರ ಶಾಸ್ತ್ರವನ್ನು ನಾನು ನಂಬುವವಳಲ್ಲ, ಆದರೆ ಆ ತಾಯಿ ನಂಬಿದ್ದರು. ಒಪ್ಪಿದೆ. ಹಂಪಿ ಕಡೆಯ ಗುಡಿಯಲ್ಲಿ ಅಡುಗೆ ಮಾಡುವ ಹಿರಿಯರೊಬ್ಬರಿಗೆ ಕೊಡುವುದೆಂದಾಯಿತು. ಇನ್ನೊಂದೇ ಸಂಜೆ ಕಟ್ಟುತ್ತೇನೆ, ಬೆಳಿಗ್ಗೆ ಒಗೆದು ಮಡಚಿ ಕೊಡುತ್ತೇನೆ ಎಂದೆ.

ಆ ಸಂಜೆ ಕಟ್ಟಿದೆನೇ ಹೊರತು ನೋಡಲು ಆಗಲಿಲ್ಲ. ಬಲ್ಬು ಹಚ್ಚಿ ಕೆಳಗಿಳಿದು ಮಲಗಿಬಿಟ್ಟೆ.

ಬೆಳಿಗ್ಗೆ ಬಿಚ್ಚಲು ಹೋದರೆ, ಪಂಚೆಯ ನಟ್ಟನಡುವೆ ಅದು ಕುಳಿತಿತ್ತು. ಅಂಗೈಗಿಂತ ದೊಡ್ಡದು. ಹುರಿದ ರವೆಯ ಬಣ್ಣ. ನಾಲ್ಕು ರೆಕ್ಕೆಗಳಲ್ಲಿ ನಾಲ್ಕು ಗಾಜಿನ ಕಿಟಕಿ, ಆ ಕಿಟಕಿಗಳಾಚೆ ಪಂಚೆಯ ಎಳೆಗಳು ಕಾಣುತ್ತಿದ್ದವು. ಸಂಡೂರಿನ ಗುಡ್ಡದಿಂದ ಇಷ್ಟು ದೂರ ಬಂದಿರಲಿಕ್ಕಿಲ್ಲ, ಇಲ್ಲೇ ಯಾವುದೋ ಮರದ್ದಿರಬೇಕು ಎಂದು ತಲೆ ಹೇಳುತ್ತಿತ್ತು. ಬಾಯಿ ಮಾತ್ರ ಗಟ್ಟಿಯಾಗಿ, "ತೋರಿಸಿದ್ರಲ್ಲ" ಅಂದಿತು.

ಕೆಳಗಿನಿಂದ ಅತ್ತೆ ಕೇಳಿಸಿಕೊಂಡಿರಬೇಕು. ಮೊಣಕಾಲು ನೋವಿಗೆ ವರ್ಷಗಳಿಂದ ಮೆಟ್ಟಿಲು ಹತ್ತದವರು ಗೋಡೆ ಹಿಡಿದು ಹತ್ತಿ ಬಂದರು. ಕೊನೆಯ ದಿನ ಬೆಳಿಗ್ಗೆ ಮಗ ಹೇಳಿದ್ದ ಪತಂಗ ಇದೇ ಎಂದೆ. ಅವರು ಮೂಗಿನ ಹತ್ತಿರ ಹಿಡಿದು ನೋಡುವವರಂತೆ ಬಗ್ಗಿ ನೋಡಿದರು.

"ಏನು ತಿಂತದ ಇದು?"

"ಏನೂ ತಿನ್ನಂಗಿಲ್ರಿ. ಇದಕ್ಕ ತಿನ್ನೋ ಬಾಯೇ ಇಲ್ಲ. ಒಂದಿಷ್ಟು ದಿನ ಇದ್ದು ಹೋಗ್ತದ."

ಅತ್ತೆ ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ, "ಅವತ್ತು ಡಬ್ಬಿ ತೊಳದಾಕಿ ನಾನು. ಅನ್ನ ಹಂಗ ಇತ್ತು" ಅಂದರು.

ಪತಂಗದ ಕೆಳಗೆ, ಬಟ್ಟೆಗೆ ಅಂಟಿಕೊಂಡು ಮೊಟ್ಟೆಗಳಿದ್ದವು. ಕೊತ್ತಂಬರಿ ಬೀಜದಷ್ಟು, ಕಂದು ಗೆರೆಯವು. ಬೆಳಕಿಗೆ ಬಂದ ಹೆಣ್ಣು ಪತಂಗಗಳು ಒಮ್ಮೊಮ್ಮೆ ಹೀಗೆ ಎಲೆಯೋ ಬಟ್ಟೆಯೋ ನೋಡದೆ ಇಟ್ಟುಬಿಡುತ್ತವೆ. ಬಟ್ಟೆಯ ಮೇಲೆ ಹುಟ್ಟಿದ ಮರಿಗಳು ಉಪವಾಸ ಸಾಯುತ್ತವೆ. ಅವುಗಳಿಗೆ ನಮ್ಮ ಮನೆ ಮುಂದಿನ ಬಾದಾಮಿ ಮರದ ಎಲೆ ಆದೀತು. ಇದನ್ನೆಲ್ಲ ಅತ್ತೆಗೆ ಹೇಳುತ್ತಾ ಉಗುರಿನಿಂದ ಒಂದು ಮೊಟ್ಟೆ ಬಿಡಿಸಲು ನೋಡಿದೆ. ಗಟ್ಟಿ ಅಂಟು, ಮೊಟ್ಟೆ ಒಡೆದು ಬೆರಳೆಲ್ಲ ಒದ್ದೆಯಾಯಿತು. ಅತ್ತೆ ಥಟ್ಟನೆ ತಿರುಗಿ ಮೆಟ್ಟಿಲಿಳಿದರು. ಬಿಸಿನೀರು ತರುತ್ತಾರೆ, ಒಗೆದು ಹಾಕು ಅನ್ನುತ್ತಾರೆ ಎಂದುಕೊಂಡು ನನಗೆ ಸಿಟ್ಟೇ ಬಂತು.

ಅವರು ತಂದದ್ದು ಕತ್ತರಿ.

"ಕತ್ತರಸು. ಆ ತುಂಡನ್ನ ಎಲಿಗೆ ಕಟ್ಟು."

"ಅತ್ತೇ, ತೂತು ಬಿದ್ರ ಕೊಡ್ಲಿಕ್ಕೆ ಬರಂಗಿಲ್ಲ."

"ನನಗ ಗೊತ್ತಿಲ್ಲೇನು? ಹೇಳಿದಾಕಿನೇ ನಾನು. ಕತ್ತರಸು."

ನಾನು ಕತ್ತರಿ ತೆಗೆದುಕೊಂಡೆ. ಅವರು ಪಂಚೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದರು. ಕತ್ತರಿ ಎಳೆಗಳನ್ನು ಕಡಿಯುವಾಗ ಪತಂಗ ಹಾರಲಿಲ್ಲ, ಪಕ್ಕಕ್ಕೆ ಸರಿದು ಕುಳಿತಿತು ಅಷ್ಟೇ. ನಾವಿಬ್ಬರೂ ಹೋಗಿ ಬಾದಾಮಿಯ ತಗ್ಗಿನ ಕೊಂಬೆಗೆ ಆ ತುಂಡನ್ನು ದಾರದಿಂದ ಕಟ್ಟಿದೆವು. ಮರಿಗಳೇನೋ ಹೊರಬಂದವು. ಬಹುಪಾಲು ಪಿಕಳಾರ ಹಕ್ಕಿಗಳ ಬಾಯಿಗೆ ಹೋದವು. ಉಳಿದವು ಮೇಲಿನ ಕೊಂಬೆಗೆ ಏರಿ ಕಣ್ಣಿಗೆ ಸಿಗಲಿಲ್ಲ.

ವರ್ಷಾಬ್ದಿಕದ ದಿನ ಪುರೋಹಿತರು ಎಲ್ಲ ಮುಗಿಸಿ ಏಳುವಾಗ ಕೇಳಿದರು: "ಅವರ ಅರಿವಿ ಗಿರಿವಿ ಎಲ್ಲಾ ಕೊಟ್ಟೀರಲ್ಲರಿ? ಇನ್ನ ಅವರಿಗೆ ಈ ಕಡೆ ಎಳೆತ ಇರಬಾರದು." ಮಡಿಸೀರೆಯಲ್ಲಿ ಕುಳಿತಿದ್ದ ಅತ್ತೆ, "ಎಲ್ಲಾ ಕೊಟ್ವಿ" ಅಂದರು. ಮಡಿಯಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಂದು ಸಂಜೆ ದೀಪ ಹಚ್ಚಿದ ಮೇಲೆ, ಅವರೇ ಮುಂದಾಗಿ ಮೆಟ್ಟಿಲು ಹತ್ತತೊಡಗಿದರು. ನಾನು ಪಂಚೆ ಕಟ್ಟಿ ಬಲ್ಬು ಹಚ್ಚಿದೆ. ಕತ್ತರಿಸಿದ ಜಾಗದಿಂದ ಬೆಳಕಿನ ತುಂಡೊಂದು ಬಂದು ಅವರ ಮಡಿಲಿನಲ್ಲಿ ಬಿತ್ತು. ತಿರುವಿನಲ್ಲಿ ಬಸ್ಸು ನಿಂತಿತು, ಹಾರ್ನ್ ಹೊಡೆಯಿತು. ಗಾಳಿಗೆ ಪಂಚೆ ನಡು ಬಾಗಿಸಿ ಅಂಚು ಎತ್ತಿತು.

"ಎದುರುಮನಿ ಆಕಿ ಹೇಳೋಕ್ಕಿಂತ ಮೊದಲೇ ನನಗ ಕಾಣ್ತಿತ್ತು" ಅಂದರು ಅತ್ತೆ. "ಕೆಳಗ ತುಳಸಿಗೆ ದೀಪ ಇಡುವಾಗೆಲ್ಲ ಕಾಣ್ತಿತ್ತು. ನೋಡಲಿಕ್ಕೆ ಆಗಲಿಲ್ಲ, ಅದಕ್ಕ ಕೊಟ್ಟುಬಿಡು ಅಂದೆ."

"ಈಗ?"

ಅವರು ಪಂಚೆಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಕಾಣ್ಲಿ ಬಿಡು."